ಮಿದುಳಿಗೆ ಹದ, ಕೈಗೆ ಕೆಲಸ

ಎಪ್ಪತ್ತು ದಾಟಿದ ಹೆಂಗಸೊಬ್ಬರು ಮೇಜಿನ ಮುಂದೆ ಕುಳಿತಿದ್ದಾರೆ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಬಟ್ಟೆ ಒಣಹಾಕುವಾಗ ಸಿಕ್ಕಿಸುವ ಹತ್ತಾರು ಕ್ಲಿಪ್ಪು, ಬಟ್ಟಲಿನಲ್ಲಿ ಒಂದು ಹಿಡಿ ಹುಣಸೆ ಬೀಜ. ಲಕ್ವ ಹೊಡೆದು ಎಂಟು ತಿಂಗಳಾಗಿದೆ. ಬಲಗೈ ತೊಡೆಯ ಮೇಲೆ ಮಡಚಿಕೊಂಡು ಬಿದ್ದಿದೆ. ಫಿಜಿಯೋಥೆರಪಿಸ್ಟ್ ಹುಡುಗಿ ಟೇಪು ಹಿಡಿದು ಅವರ ತಲೆಯನ್ನು ಅಳೆಯುತ್ತಾಳೆ: ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಆಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ. ಎರಡು ಗೆರೆ ಕೂಡುವಲ್ಲಿಂದ ಎಡಕ್ಕೆ ಸರಿದು ಒಂದು ಗುರುತು ಹಾಕುತ್ತಾಳೆ. ಕೂದಲು ಬದಿಗೆ ಸರಿಸಿ, ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜನ್ನು ಅಲ್ಲಿಟ್ಟು ರಬ್ಬರ್ ಪಟ್ಟಿ ಬಿಗಿಯುತ್ತಾಳೆ. ಇನ್ನೊಂದು ಸ್ಪಂಜು ಬಲಹುಬ್ಬಿನ ಮೇಲೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಎಂದು ಹಿಂದಿನ ದಿನವೇ ಹೇಳಿದ್ದಾಳೆ. ಎಣ್ಣೆಯ ಕೂದಲಲ್ಲಿ ಕರೆಂಟು ಸರಿಯಾಗಿ ಹರಿಯದು. ಅಂಗೈಯಗಲದ ಪೆಟ್ಟಿಗೆಯ ಗುಂಡಿ ಒತ್ತುತ್ತಾಳೆ.

“ಇರುವೆ ಹರಿದ ಹಾಗಿದೆ ಕಣಮ್ಮ,” ಎನ್ನುತ್ತಾರೆ ಅಜ್ಜಿ.

“ಸ್ವಲ್ಪ ಹೊತ್ತಿಗೆ ಹೋಗುತ್ತೆ ಅಜ್ಜಿ. ಈಗ ಲೋಟ ಹಿಡೀರಿ.”

ಈ ಉಪನ್ಯಾಸದ ವಿಷಯವೆಲ್ಲ ಆ ಎರಡನೆಯ ಮಾತಿನಲ್ಲಿದೆ. ಇಂಥ ಕೋಣೆಗೆ ಮೊದಲ ಸಲ ಹೋದವರ ಕಣ್ಣು ಪೆಟ್ಟಿಗೆಯ ಮೇಲೇ ನಿಲ್ಲುತ್ತದೆ. ನೋಡಬೇಕಾದದ್ದು ಲೋಟವನ್ನು. ಇಲ್ಲಿ ನಡೆಯುವುದು ಎರಡು ಕೆಲಸ: ವಯಸ್ಸಾದವರ ಚರ್ಮ ಕೊಯ್ಯದೆ, ತಲೆಬುರುಡೆ ತೆರೆಯದೆ, ಹೊರಗಿನಿಂದಲೇ ಮಿದುಳನ್ನು ತುಸು ಎಚ್ಚರಿಸುವುದು. ಆ ಎಚ್ಚರ ಇರುವಾಗಲೇ ಕೈಕಾಲಿನ ವ್ಯಾಯಾಮ ಮಾಡಿಸುವುದು. ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಹಲವು ಆಸ್ಪತ್ರೆಗಳು ಈ ಜೋಡಿ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿವೆ. ಬಂದ ಫಲ ಮಿಶ್ರವಾದದ್ದು. ಆದರೆ ಆ ಮಿಶ್ರ ಫಲದಲ್ಲೇ ನಮ್ಮ ಮನೆಗಳ ಹಿರಿಯರಿಗೆ ಬೇಕಾದ ಒಂದು ಗಟ್ಟಿ ತಿಳಿವಳಿಕೆ ಇದೆ.

‘ಕರೆಂಟ್ ಕೊಡಿಸಿಕೊಂಡು ಬಂದೆ’ ಎನ್ನುವ ಮಾತು ಮಂಡಿನೋವಿನವರ ಬಾಯಲ್ಲಿ ನಾವು ದಿನವೂ ಕೇಳುವಂಥದ್ದು. ಅದು ಸ್ನಾಯು ಮತ್ತು ನರಕ್ಕೆ ಕೊಡುವ ಕರೆಂಟು. ‘ತಲೆಗೆ ಕರೆಂಟ್’ ಎಂದ ಕೂಡಲೇ ಮಾತ್ರ ಮನೆಮಂದಿ ಹೌಹಾರುತ್ತಾರೆ. ಮನೋರೋಗದ ಶಾಕ್ ಚಿಕಿತ್ಸೆ ನೆನಪಾಗುತ್ತದೆ. ಎರಡಕ್ಕೂ ಹೋಲಿಕೆಯೇ ಇಲ್ಲ. ಶಾಕ್ ಚಿಕಿತ್ಸೆಯಲ್ಲಿ ಸುಮಾರು 800 ಮಿಲಿಆಂಪಿಯರ್‌ನಷ್ಟು ವಿದ್ಯುತ್ತನ್ನು ಅರಿವಳಿಕೆ ಕೊಟ್ಟು ಕೆಲವೇ ಕ್ಷಣ ಹಾಯಿಸುತ್ತಾರೆ. ಸ್ಪಂಜಿನ ಈ ವಿಧಾನದಲ್ಲಿ ಹಾಯುವುದು 1 ಅಥವಾ 2 ಮಿಲಿಆಂಪಿಯರ್, ಸಾಮಾನ್ಯವಾಗಿ 20 ನಿಮಿಷ, ರೋಗಿ ಮಾತಾಡುತ್ತ ಕುಳಿತಿರುವಾಗ. ಇದಕ್ಕೆ ಟಿಡಿಸಿಎಸ್ ಎಂದು ಹೆಸರು. ಇನ್ನೊಂದು ವಿಧಾನ ಟಿಎಂಎಸ್: ಎಂಟರ ಅಂಕಿಯಾಕಾರದ ಸುರುಳಿಯನ್ನು ತಲೆಗೆ ತಾಗಿಸಿ ಹಿಡಿದು, ‘ಟಕ್ ಟಕ್’ ಎಂದು ಕಾಂತದ ಮಿಡಿತ ಕೊಡುವುದು. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ತತ್ವವೇ ಅದರ ಅಡಿಪಾಯ. ಬದಲಾಗುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇಲ್ಲಿ ಆ ವಾಹಕ ಮಿದುಳು.

ತಲೆಗೆ ವಿದ್ಯುತ್ತು ಕೊಡುವ ಆಸೆ ಹಳೆಯದು. ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಮೊದಲ ಶತಮಾನದಲ್ಲೇ ತಲೆನೋವಿಗೆ ವಿದ್ಯುತ್ ಮೀನನ್ನು ಹಣೆಗೆ ಒತ್ತಲು ಹೇಳಿದ್ದ. ಕಪ್ಪೆಯ ಕಾಲು ಅದುರಿಸಿದ ಗಾಲ್ವಾನಿಯ ಸೋದರಳಿಯ ಅಲ್ದೀನಿ ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿ ಖಿನ್ನತೆಯ ರೋಗಿಯ ತಲೆಗೆ ಬ್ಯಾಟರಿಯ ವಿದ್ಯುತ್ತು ಹಾಯಿಸಿ ನೋಡಿದ. 1980ರಲ್ಲಿ ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್ ಇಬ್ಬರೂ ಸೇರಿ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸಿ ಕೈ ಅಲುಗಿಸಿ ತೋರಿಸಿದರು. ಆದರೆ ಅದು ನೋವಿನ ವಿಧಾನ. ಐದು ವರ್ಷದ ನಂತರ ಶೆಫೀಲ್ಡಿನ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಕಾಂತದ ಸುರುಳಿಯಿಂದ ಅದೇ ಕೆಲಸವನ್ನು ನೋವಿಲ್ಲದೆ ಮಾಡಿದರು.

ವ್ಯಾಯಾಮದ ಜತೆಗಿನ ಜೋಡಿಗೆ ದಾರಿ ತೆರೆದದ್ದು ಮಾತ್ರ ಜರ್ಮನಿಯ ಗೋಟಿಂಗನ್ ಊರಿನ ಒಂದು ಪ್ರಯೋಗ. 2000ನೇ ಇಸವಿಯಲ್ಲಿ ಮೈಕೆಲ್ ನಿಟ್ಶೆ ಮತ್ತು ವಾಲ್ಟರ್ ಪೌಲಸ್ ಆರೋಗ್ಯವಂತರ ತಲೆಯ ಮೇಲೆ ಒದ್ದೆ ಸ್ಪಂಜು ಇಟ್ಟು ಬರೀ 1 ಮಿಲಿಆಂಪಿಯರ್ ಹಾಯಿಸಿದರು. ಆಮೇಲೆ ಟಿಎಂಎಸ್ ಮಿಡಿತ ಕೊಟ್ಟು, ಕೈಯ ಸ್ನಾಯು ಎಷ್ಟು ಜೋರಾಗಿ ಅದುರುತ್ತದೆ ಎಂದು ಅಳೆದರು. ಚಲನೆಯನ್ನು ನಡೆಸುವ ಮೋಟರ್ ಕಾರ್ಟೆಕ್ಸ್ ಎನ್ನುವ ಪಟ್ಟಿಯ ಮೇಲೆ ಧನ ಧ್ರುವ ಇಟ್ಟರೆ ಅದುರು ಹೆಚ್ಚಿತು, ಋಣ ಧ್ರುವ ಇಟ್ಟರೆ ತಗ್ಗಿತು. ವ್ಯತ್ಯಾಸ ಶೇ 40ರವರೆಗೂ ಹೋಯಿತು. ಮರುವರ್ಷ ಅವರೇ ಇನ್ನೊಂದು ಸಂಗತಿ ತೋರಿಸಿದರು. ಹತ್ತು ಹದಿಮೂರು ನಿಮಿಷ ಕೊಟ್ಟು ನಿಲ್ಲಿಸಿದ ಮೇಲೂ ಆ ಪರಿಣಾಮ ಒಂದೂವರೆ ಗಂಟೆಯವರೆಗೆ ಉಳಿಯುತ್ತಿತ್ತು.

ಬೇಸಾಯ ಗೊತ್ತಿರುವವರಿಗೆ ಇದನ್ನು ಹೇಳುವುದು ಸುಲಭ. ಮಳೆ ಬಿದ್ದು ಮಣ್ಣು ಹದಕ್ಕೆ ಬರುತ್ತದೆ. ಹದ ಬೆಳೆಯಲ್ಲ, ಹದವೊಂದರಿಂದಲೇ ರಾಗಿ ಹುಟ್ಟುವುದಿಲ್ಲ. ಅದು ಎರಡು ಮೂರು ದಿನ ಇದ್ದು ಆರಿಹೋಗುತ್ತದೆ, ಅಷ್ಟರೊಳಗೆ ಬಿತ್ತಿದವನಿಗೆ ದಕ್ಕುತ್ತದೆ. ಸ್ಪಂಜಿನಿಂದ ಹಾಯುವ ಕರೆಂಟು ನರಕೋಶವನ್ನು ತಾನಾಗಿ ಕೆಲಸಕ್ಕೆ ಹಚ್ಚುವುದಿಲ್ಲ. ಕೆಲಸಕ್ಕೆ ಏಳುವ ಅಂಚಿಗೆ ತುಸು ಹತ್ತಿರ ತಂದು ನಿಲ್ಲಿಸುತ್ತದೆ, ಅಷ್ಟೆ. ಆ ಒಂದೆರಡು ಗಂಟೆಯಲ್ಲಿ ಕೈ ಲೋಟವನ್ನು ಹಿಡಿದರೆ, ಬಿಟ್ಟರೆ, ಮತ್ತೆ ಹಿಡಿದರೆ, ಆ ಹಿಡಿತಕ್ಕೆ ಬೇಕಾದ ನರಗಳ ನಂಟು ಗಟ್ಟಿಯಾಗುವ ಅವಕಾಶ ಹೆಚ್ಚು. 2010ರಲ್ಲಿ ಇಲಿಗಳ ಮಿದುಳಿನ ಚೂರಿನ ಮೇಲೆ ನಡೆದ ಅಧ್ಯಯನವೊಂದು ಇದಕ್ಕೆ ಪೂರಕವಾದ ಸಾಕ್ಷ್ಯ ಕೊಟ್ಟಿತು. ಕರೆಂಟು ಒಂದನ್ನೇ ಕೊಟ್ಟಾಗ ನರಕೋಶಗಳ ನಂಟು ಬಲಗೊಳ್ಳಲಿಲ್ಲ; ಅದೇ ಹೊತ್ತಿಗೆ ಆ ನರದ ದಾರಿಯನ್ನೂ ಬಳಕೆಗೆ ಹಚ್ಚಿದಾಗ ಬಲಗೊಂಡಿತು.

ಹಾಗಾದರೆ ರೋಗಿಗಳಲ್ಲಿ ಏನಾಯಿತು?

ಪಾರ್ಶ್ವವಾಯುವಿನಿಂದ ಸೋತ ಕೈ ಈ ಚಿಕಿತ್ಸೆಯ ಅತಿ ದೊಡ್ಡ ಪರೀಕ್ಷಾಕಣ. 2005ರಲ್ಲಿ ಫ್ರೀಡ್‌ಹೆಲ್ಮ್ ಹುಮ್ಮೆಲ್, ಲಿಯೊನಾರ್ಡೊ ಕೋಹೆನ್ ಮತ್ತು ಸಂಗಡಿಗರು ಆರೇ ಆರು ರೋಗಿಗಳ ಮೇಲೆ ಟಿಡಿಸಿಎಸ್ ನಡೆಸಿದರು. ಕಾರ್ಡು ತಿರುವಿಹಾಕುವುದು, ಸಣ್ಣ ಸಾಮಾನು ಎತ್ತುವುದು, ಚಮಚದಲ್ಲಿ ಉಣ್ಣುವಂತೆ ಮಾಡುವುದು, ಡಬ್ಬ ಸರಿಸುವುದು ಇಂಥ ದಿನಬಳಕೆಯ ಕೆಲಸಗಳ ಪರೀಕ್ಷೆ ಅದು. ನಿಜವಾದ ಕರೆಂಟು ಪಡೆದ ದಿನ ಅವರು ಕೆಲಸವನ್ನು ಬೇಗ ಮುಗಿಸಿದರು; ತೋರಿಕೆಯ ಕರೆಂಟು ಕೊಟ್ಟ ದಿನ ಹಾಗಾಗಲಿಲ್ಲ. 2016ರಲ್ಲಿ ಆಕ್ಸ್‌ಫರ್ಡಿನ ತಂಡ 24 ರೋಗಿಗಳಿಗೆ ಒಂಬತ್ತು ದಿನ ಕೈಯ ತರಬೇತಿ ಕೊಟ್ಟಿತು. ಅರ್ಧ ಜನಕ್ಕೆ ನಿಜದ ಕರೆಂಟು, ಅರ್ಧ ಜನಕ್ಕೆ ತೋರಿಕೆಯದು. ಮೂರು ತಿಂಗಳ ನಂತರ ನೋಡಿದರೆ, ಕೈ ಬಳಸಿ ಕೆಲಸ ಮಾಡುವ ಎರಡು ಪರೀಕ್ಷೆಗಳಲ್ಲಿ ನಿಜದ ಕರೆಂಟು ಪಡೆದವರು ಮುಂದಿದ್ದರು. ಕೈಯ ದೌರ್ಬಲ್ಯವನ್ನೇ ಅಳೆಯುವ ಮೂರನೆಯ ಪರೀಕ್ಷೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಚಿಕ್ಕ ಅಧ್ಯಯನಗಳು ಆಸೆ ಹುಟ್ಟಿಸಿದವು. ದೊಡ್ಡವು ಬಂದಾಗ ಆಸೆ ತಣ್ಣಗಾಯಿತು.

ಟಿಎಂಎಸ್‌ನ ಹಿಂದೆ ಒಂದು ಚೆಂದದ ಊಹೆ ಇತ್ತು. ಮಿದುಳಿನ ಎರಡು ಅರ್ಧಗಳು ಏತದ ಎರಡು ತುದಿಯಂತೆ; ಒಂದು ಕೆಳಗೆ ಹೋದರೆ ಇನ್ನೊಂದು ಮೇಲೇಳುತ್ತದೆ. ಲಕ್ವ ಹೊಡೆದ ಅರ್ಧ ಸೋತಾಗ ಆರೋಗ್ಯವಾಗಿರುವ ಅರ್ಧ ಅದನ್ನು ಇನ್ನಷ್ಟು ಅದುಮುತ್ತದೆ. ಆದ್ದರಿಂದ ಆರೋಗ್ಯದ ಬದಿಯನ್ನೇ ನಿಧಾನ ಮಿಡಿತದಿಂದ ತುಸು ಸುಮ್ಮನಾಗಿಸಿದರೆ ಸೋತದ್ದು ತಲೆಯೆತ್ತೀತು ಎಂಬುದು ಆ ಊಹೆ. ಅಮೆರಿಕದ 12 ಕೇಂದ್ರಗಳಲ್ಲಿ 199 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಆರು ವಾರದಲ್ಲಿ 18 ಸಲ ಮಿಡಿತ, ಪ್ರತಿ ಸಲವೂ ಅದರ ಹಿಂದೆಯೇ ಒಂದು ಗಂಟೆ ಕೈಯ ತರಬೇತಿ. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿಜದ ಮಿಡಿತ ಪಡೆದವರಲ್ಲಿ ಶೇ 67ರಷ್ಟು ಜನ ಗಮನಾರ್ಹವಾಗಿ ಸುಧಾರಿಸಿದ್ದರು. ತೋರಿಕೆಯದು ಪಡೆದವರಲ್ಲಿ ಶೇ 65. ಅಂದರೆ ಮಿಡಿತದಿಂದ ಬಂದ ಲಾಭ ಏನೂ ಇಲ್ಲ. 2025ರಲ್ಲಿ ಟ್ರಾನ್ಸ್‌ಪೋರ್ಟ್-2 ಎಂಬ ಅಧ್ಯಯನ 129 ರೋಗಿಗಳಿಗೆ 2 ಮತ್ತು 4 ಮಿಲಿಆಂಪಿಯರ್ ಟಿಡಿಸಿಎಸ್ ಜತೆ ಬಿಗಿಯಾದ ಕೈಯ ತರಬೇತಿ ಕೊಟ್ಟು ನೋಡಿತು. ಅಲ್ಲೂ ಕರೆಂಟು ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ಹಲವರು ಪುಟ ತಿರುವುತ್ತಾರೆ. ತಿರುವಬಾರದು. ಆ 65 ಎಂಬ ಅಂಕಿಯನ್ನು ಮತ್ತೊಮ್ಮೆ ನೋಡಬೇಕು. ಲಕ್ವ ಹೊಡೆದು ಮೂರು ತಿಂಗಳಿಂದ ಒಂದು ವರ್ಷ ಕಳೆದವರು ಅವರು. ‘ಇನ್ನು ಇಷ್ಟೇ’ ಎಂದು ನಮ್ಮಲ್ಲಿ ಕೈಬಿಡುವ ಹಂತ ಅದು. ಅಂಥವರಲ್ಲಿ ಮೂರನೇ ಎರಡು ಪಾಲು ಜನ ಮಿಡಿತವೇ ಇಲ್ಲದೆ ಸುಧಾರಿಸಿದರು. ಎರಡೂ ಗುಂಪಿಗೆ ಸಮನಾಗಿ ಸಿಕ್ಕಿದ್ದು ಒಂದೇ: ಬಲ್ಲವರ ಕಣ್ಣೆದುರು, ಗೊತ್ತಾದ ಕೆಲಸವನ್ನು ಗಂಟೆಗಟ್ಟಲೆ, ವಾರಗಟ್ಟಲೆ ಮಾಡಿದ ಅಭ್ಯಾಸ. ಯಂತ್ರವನ್ನು ಪರೀಕ್ಷಿಸಲು ಹೊರಟವರು ಅಭ್ಯಾಸದ ಬಲವನ್ನು ದಾಖಲಿಸಿ ಬಂದರು. ಈ ಕ್ಷೇತ್ರದ ಅತಿ ಮುಖ್ಯ ಸುದ್ದಿ ಇದೇ ಎನ್ನಬೇಕು.

ಅಭ್ಯಾಸ ಎಂದರೆ ಎಷ್ಟು? ಅಳಿಲು ಕೋತಿಗಳ ಮೇಲೆ ರ‍್ಯಾಂಡಾಲ್ಫ್ ನೂಡೊ ನಡೆಸಿದ, 1996ರಲ್ಲಿ ಪ್ರಕಟವಾದ ಪ್ರಯೋಗ ಪ್ರಸಿದ್ಧ. ಮಿದುಳಿಗೆ ಪೆಟ್ಟಾದ ಕೋತಿಗಳಿಗೆ ಸಣ್ಣ ಗುಳಿಯಿಂದ ಆಹಾರದ ಉಂಡೆ ಎತ್ತುವ ಅಭ್ಯಾಸ ಮಾಡಿಸಿದಾಗ ಕೈಗೆ ಸೇರಿದ ಮಿದುಳಿನ ಭಾಗ ಕುಗ್ಗದೆ ಉಳಿಯಿತು. ಇಂಥ ಪ್ರಾಣಿ ಪ್ರಯೋಗಗಳಲ್ಲಿ ಒಂದು ದಿನಕ್ಕೆ ನೂರಾರು ಸಲ ಅದೇ ಚಲನೆ ನಡೆಯುತ್ತದೆ. ಅಮೆರಿಕದ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಪುನಶ್ಚೇತನ ಕೇಂದ್ರಗಳಲ್ಲಿ ಕುಳಿತು ಎಣಿಸಿ 2009ರಲ್ಲಿ ವರದಿ ಮಾಡಿದರು: ರೋಗಿಯ ಸೋತ ಕೈ ಒಂದು ಸರದಿಯಲ್ಲಿ ಉದ್ದೇಶವಿಟ್ಟು ಮಾಡಿದ ಕೆಲಸ ಸರಾಸರಿ 32 ಸಲ. ಸವಲತ್ತುಳ್ಳ ದೇಶದಲ್ಲೇ ಮೂವತ್ತೆರಡು. ಹದ ಬಂದ ಹೊಲಕ್ಕೆ ಒಂದು ಚಿಟಿಕೆ ಬೀಜ ಎಸೆದು ಬಂದ ಹಾಗೆ.

ಕೈಯಿಂದ ಕಾಲಿಗೆ ಬಂದರೆ ಚಿತ್ರ ಸ್ವಲ್ಪ ಬೇರೆ. ವಯಸ್ಸಾದವರಿಗೆ ಬೀಳುವ ಭಯ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ. ಬೀಳುವುದಕ್ಕೆ ಕಾಲಿನ ಬಲ ಕುಗ್ಗುವುದೊಂದೇ ಕಾರಣವಲ್ಲ. ಸ್ವೀಡನ್ನಿನ ಊಮಿಯೊದಲ್ಲಿ 1997ರಲ್ಲಿ ವೃದ್ಧಾಶ್ರಮದ 58 ಜನರನ್ನು ಒಂದು ಸರಳ ಪರೀಕ್ಷೆಗೆ ಒಳಪಡಿಸಿದರು: ನಡೆಯುವಾಗ ಮಾತಾಡಿಸುವುದು. ಉತ್ತರ ಕೊಡಲು 12 ಜನ ನಡಿಗೆ ನಿಲ್ಲಿಸಿಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು. ಯಂತ್ರ ಬೇಡ, ಖರ್ಚಿಲ್ಲ; ಪಡಸಾಲೆಯಲ್ಲಿ ಅಪ್ಪನ ಜತೆ ನಾಲ್ಕು ಹೆಜ್ಜೆ ಹಾಕಿ ‘ಬೆಳಗ್ಗೆ ತಿಂಡಿ ಏನಪ್ಪ?’ ಎಂದು ಕೇಳಿದರೆ ಸಾಕು. ಹೆಜ್ಜೆ ನಿಂತಿತೆಂದರೆ, ನಡಿಗೆಗೆ ಮಿದುಳಿನ ಗಮನವೆಲ್ಲ ಖರ್ಚಾಗುತ್ತಿದೆ ಎಂದರ್ಥ.

ಆ ಗಮನದ ನೆಲೆ ಹಣೆಯ ಹಿಂದಿನ ಭಾಗ. ಬಾಸ್ಟನ್ನಿನ ಬ್ರಾಡ್ ಮೇನರ್ ಅವರ ತಂಡ ಅಲ್ಲಿಗೆ 20 ನಿಮಿಷ ಟಿಡಿಸಿಎಸ್ ಕೊಟ್ಟು, ನಡೆಯುತ್ತಲೇ ಲೆಕ್ಕ ಮಾಡುವ ಪರೀಕ್ಷೆ ಒಡ್ಡಿತು. ಲೆಕ್ಕದ ಭಾರ ನಡಿಗೆಯನ್ನು ಕೆಡಿಸುವ ಪ್ರಮಾಣ ಕಡಿಮೆಯಾಯಿತು. ಇದು ಒಂದು ಸಲದ ಪರಿಣಾಮ. ತಿಂಗಳುಗಟ್ಟಲೆಯ ವ್ಯಾಯಾಮಕ್ಕೆ ಜೋಡಿಸಿದರೆ ಬೀಳುವುದು ನಿಜಕ್ಕೂ ತಗ್ಗುತ್ತದೆಂದು ಹೇಳಲು ಇಷ್ಟು ಸಾಕ್ಷ್ಯ ಸಾಲದು. ಆದರೆ ಈ ದಾರಿ ಹಿಡಿಯಲು ಯೋಗ್ಯ. ಮಂಡಿ ಸವೆತದ ವಿಷಯದಲ್ಲೂ ಹೀಗೆಯೇ. ಆಸ್ಟ್ರೇಲಿಯಾದಲ್ಲಿ 30 ರೋಗಿಗಳಿಗೆ ತೊಡೆ ಸ್ನಾಯು ಬಲಪಡಿಸುವ ವ್ಯಾಯಾಮದ ಜತೆ ಎಂಟು ವಾರ ಟಿಡಿಸಿಎಸ್ ಕೊಟ್ಟ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಜೋಡಿ ಚಿಕಿತ್ಸೆ ಮಾಡಬಹುದಾದದ್ದು, ಮುಂದೆ ದೊಡ್ಡದಾಗಿ ಪರೀಕ್ಷಿಸಲು ತಕ್ಕದ್ದು ಎಂದು ತೋರಿತು.

ವಯಸ್ಸಾದ ತಲೆಯ ಬಗ್ಗೆ ಇನ್ನೊಂದು ಮಾತು. ಹೊರಗಿನಿಂದ ಕೊಟ್ಟ ಕರೆಂಟಿನಲ್ಲಿ ಬಹುಪಾಲು ಚರ್ಮದಲ್ಲೇ ಹರಿದು ಹೋಗುತ್ತದೆ. ಬುರುಡೆ ದಾಟಿ ಒಳಗೆ ಇಳಿಯುವುದು ಸ್ವಲ್ಪ. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ, ಸುತ್ತಲಿನ ದ್ರವ ಹೆಚ್ಚುತ್ತದೆ, ಕರೆಂಟಿನ ದಾರಿಯೂ ಬದಲಾಗುತ್ತದೆ. ಲಕ್ವದ ಗಾಯ ದೊಡ್ಡದಿದ್ದರಂತೂ ಎಲ್ಲಿಗೆ ಹರಿಯಿತೆಂದು ಅಂದಾಜು ಮಾಡುವುದೇ ಕಷ್ಟ. ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪದಿರುವುದಕ್ಕೆ ಇದೊಂದು ಕಾರಣ. ಎಲ್ಲರ ತಲೆಗೂ ಒಂದೇ ಜಾಗ, ಒಂದೇ ಪ್ರಮಾಣ ಎಂಬ ಪದ್ಧತಿ ಬಿಟ್ಟು, ಸ್ಕ್ಯಾನ್ ನೋಡಿ ಒಬ್ಬೊಬ್ಬರಿಗೂ ಲೆಕ್ಕ ಹಾಕುವ ಕೆಲಸ ಈಗ ನಡೆಯುತ್ತಿದೆ.

ಅಪಾಯದ ಮಟ್ಟಿಗೆ ಸುದ್ದಿ ಒಳ್ಳೆಯದು. 2016ರ ಸಮೀಕ್ಷೆಯೊಂದು ಟಿಡಿಸಿಎಸ್‌ನ 33,200ಕ್ಕೂ ಹೆಚ್ಚು ಸರದಿಗಳ ದಾಖಲೆ ನೋಡಿ, ಗಂಭೀರ ಹಾನಿಯ ಒಂದು ವರದಿಯೂ ಇಲ್ಲವೆಂದಿತು. ನವೆ, ಚರ್ಮ ಕೆಂಪಾಗುವುದು, ಅಲ್ಪ ತಲೆನೋವು ಸಾಮಾನ್ಯ. ಸ್ಪಂಜು ಒಣಗಿದರೆ ಚರ್ಮ ಸುಡಬಹುದು. ಟಿಎಂಎಸ್‌ನಲ್ಲಿ ಅಪರೂಪಕ್ಕೆ ಅಪಸ್ಮಾರದ ಸೆಳೆತ ಬರಬಹುದು. ಫಿಟ್ಸ್ ಇರುವವರು, ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಿವಿಯ ಇಂಪ್ಲಾಂಟ್ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರಿಗೆ ಮೊದಲೇ ತಿಳಿಸಲೇಬೇಕು. ಆನ್‌ಲೈನಿನಲ್ಲಿ ಪೆಟ್ಟಿಗೆ ತರಿಸಿ ಮನೆಯಲ್ಲೇ ಹಚ್ಚುವುದು ಸರ್ವಥಾ ಕೂಡದು.

ಕರ್ನಾಟಕಕ್ಕೆ ಈ ತಂತ್ರ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಸ್ಕಿಜೋಫ್ರೀನಿಯಾ ರೋಗಿಗಳ ಕಿವಿಯಲ್ಲಿ ಇಲ್ಲದ ದನಿ ಕೇಳುವ ತೊಂದರೆಗೆ ಟಿಡಿಸಿಎಸ್ ಬಳಸಿ ವರ್ಷಗಳಿಂದ ಸಂಶೋಧನೆ ಮಾಡುತ್ತಿದೆ. ಪರಿಣತಿ ನಮ್ಮಲ್ಲಿದೆ. ನಮ್ಮಲ್ಲಿ ಕೊರತೆ ಇರುವುದು ಬೇರೆಯದಕ್ಕೆ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಲಕ್ವ ಹೊಡೆದ ಹಳ್ಳಿಯ ಹಿರಿಯರಿಗೆ ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ಎದುರು ಕುಳಿತು ಕೈ ದುಡಿಸುವವರು ಯಾರು?

ಮನೆಯವರೇ ಮಾಡಲಿ ಎಂಬ ಉತ್ತರವನ್ನೂ ಈ ದೇಶ ಪರೀಕ್ಷಿಸಿದೆ. ಅಟೆಂಡ್ ಎಂಬ ಅಧ್ಯಯನದಲ್ಲಿ ಭಾರತದ 14 ಆಸ್ಪತ್ರೆಗಳ 1,250 ಲಕ್ವ ರೋಗಿಗಳಲ್ಲಿ ಅರ್ಧದಷ್ಟು ಜನರ ಕುಟುಂಬದವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳಿಸಿದರು. 2017ರ ವರದಿ ಹೇಳಿದ್ದು: ಆರು ತಿಂಗಳಲ್ಲಿ ಎರಡೂ ಗುಂಪಿನಲ್ಲಿ ಸಾವು ಅಥವಾ ಪರಾವಲಂಬನೆ ಶೇ 47. ಮನೆಯವರ ಪ್ರೀತಿ, ತರಬೇತಿ ಪಡೆದ ಫಿಜಿಯೋಥೆರಪಿಸ್ಟರ ಜಾಗವನ್ನು ತುಂಬಲಾರದು. ಆದ್ದರಿಂದ ಸರ್ಕಾರಕ್ಕಾಗಲಿ ದಾನಿಗಳಿಗಾಗಲಿ ಹೇಳಬೇಕಾದ್ದು ಸ್ಪಷ್ಟ: ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಫಿಜಿಯೋಥೆರಪಿಸ್ಟರ ಹುದ್ದೆ ತುಂಬಿರಿ, ಅವರಿಗೆ ಒಬ್ಬ ರೋಗಿಗೆ ಒಂದು ಗಂಟೆ ಕೊಡುವಷ್ಟು ಬಿಡುವು ಮಾಡಿಕೊಡಿ. ಪೆಟ್ಟಿಗೆ ಆಮೇಲೆ ಬರಲಿ. ಬಿತ್ತುವವರಿಲ್ಲದ ಹೊಲಕ್ಕೆ ಹದ ಬಂದರೇನು, ಆರಿದರೇನು?

ಮನೆಯವರು ಮಾಡಬಹುದಾದದ್ದು ಇಲ್ಲವೆಂದಲ್ಲ. ಅಲಬಾಮದ ಎಡ್ವರ್ಡ್ ಟಾಬ್ ಕೋತಿಗಳಲ್ಲಿ ಕಂಡು, ಆಮೇಲೆ ಮನುಷ್ಯರಲ್ಲೂ ಗುರುತಿಸಿದ ಸಂಗತಿ ಇದು: ಸೋತ ಕೈ ಕೆಲವು ಸಲ ಸೋತದ್ದಕ್ಕಲ್ಲ, ಬಳಸದೆ ಬಿಟ್ಟದ್ದಕ್ಕೆ ಮೂಲೆ ಸೇರುತ್ತದೆ. ಒಳ್ಳೆಯ ಕೈಗೆ ಕೈಗವಸು ಹಾಕಿ ಕಟ್ಟಿ, ಸೋತ ಕೈಯನ್ನೇ ದುಡಿಸುವ ಅವರ ವಿಧಾನವನ್ನು 222 ರೋಗಿಗಳ ಮೇಲೆ ಪರೀಕ್ಷಿಸಿದ 2006ರ ಅಧ್ಯಯನ, ಅದರಿಂದ ಬಂದ ಲಾಭ ಒಂದು ವರ್ಷದ ನಂತರವೂ ಉಳಿದದ್ದನ್ನು ತೋರಿಸಿತು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ‘ಪಾಪ, ಅತ್ತೆಗೆ ಕೈಲಾಗಲ್ಲ’ ಎಂದು ಸೊಸೆ ತುತ್ತು ತಿನ್ನಿಸುತ್ತಾಳೆ, ಮಗ ಗುಂಡಿ ಹಾಕುತ್ತಾನೆ, ಮೊಮ್ಮಗಳು ತಲೆ ಬಾಚುತ್ತಾಳೆ. ಅಕ್ಕರೆಯಿಂದಲೇ ಮಾಡುವ ಕೆಲಸಗಳಿವು, ಆದರೆ ಆ ಕೈಗೆ ಸಿಗಬೇಕಾದ ನೂರು ಅಭ್ಯಾಸವನ್ನು ಕಸಿದುಕೊಳ್ಳುತ್ತವೆ.

ಮನೆಯಲ್ಲಿ ಯಾರಿಗಾದರೂ ಬಾಯಿ ಓರೆಯಾಗಿ, ಕೈ ಸೋತು, ಮಾತು ತೊದಲಿದರೆ ನಾಟಿ ಔಷಧಿ ಹುಡುಕುತ್ತ ಹೊತ್ತು ಕಳೆಯದೆ ನಾಲ್ಕೂವರೆ ಗಂಟೆಯೊಳಗೆ ಚಿಕಿತ್ಸೆ ಶುರುವಾಗುವಂತೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ಅದು. ಆಮೇಲೆ ಯಾರಾದರೂ ಮಿದುಳಿನ ಕರೆಂಟ್ ಚಿಕಿತ್ಸೆ ಸೂಚಿಸಿದರೆ, ಅದರ ಜತೆಗೆ ಎಷ್ಟು ಹೊತ್ತು ವ್ಯಾಯಾಮ, ಯಾರು ಮಾಡಿಸುತ್ತಾರೆ, ಎಷ್ಟು ಸಲ ಎಂದು ಕೇಳಿ. ‘ಕರೆಂಟ್ ಮಾತ್ರ’ ಎಂಬ ಉತ್ತರ ಬಂದರೆ ದುಡ್ಡು ಉಳಿಸಿಕೊಂಡು ಎದ್ದು ಬನ್ನಿ. ನುಂಗಲು ತೊಂದರೆ ಇಲ್ಲವೆಂದು ವೈದ್ಯರು ಹೇಳಿದ್ದರೆ, ನಾಳೆ ಬೆಳಗ್ಗೆ ಕಾಫಿಯನ್ನು ಅಮ್ಮನ ಬಾಯಿಗೆ ಹಿಡಿಯಬೇಡಿ. ಲೋಟಕ್ಕೆ ಅರ್ಧ ಮಾತ್ರ ಸುರಿದು, ಬಿಸಿ ಆರಿಸಿ, ಅವರ ಸೋತ ಕೈಯ ಹತ್ತಿರ ಇಟ್ಟು, ಪಕ್ಕದಲ್ಲಿ ಕುಳಿತು ಕಾಯಿರಿ.